ಸಿಡಿದ ಬೆಟ್ಟಗಳು, ಹರಿದ ಲಾವಾ: ಭೂಮಿಯ ಅತಿ ದೊಡ್ಡ ಜ್ವಾಲಾಮುಖಿಗಳ ಲೆಕ್ಕ

1815ರ ಏಪ್ರಿಲ್ 10ರ ಸಂಜೆ ಇಂಡೊನೇಷ್ಯಾದ ಸುಂಬಾವಾ ದ್ವೀಪದಲ್ಲಿ ತಂಬೋರಾ ಬೆಟ್ಟ ಸಿಡಿಯಿತು. ಅಲ್ಲಿಯವರೆಗೆ ಅದರ ಎತ್ತರ ಸುಮಾರು 4,300 ಮೀಟರ್ ಇದ್ದಿರಬೇಕು. ಸಿಡಿದ ಮೇಲೆ ಉಳಿದದ್ದು 2,850 ಮೀಟರ್. ಬೆಟ್ಟದ ತಲೆ ಇದ್ದ ಜಾಗದಲ್ಲಿ ಈಗ 6 ಕಿಲೋಮೀಟರ್ ಅಗಲದ, ಒಂದು ಕಿಲೋಮೀಟರಿಗೂ ಹೆಚ್ಚು ಆಳದ ಗುಂಡಿ ಇದೆ. ಬೂದಿ, ಹಗುರ ಕಲ್ಲು ಎಲ್ಲ ಸೇರಿ ಹೊರಬಿದ್ದದ್ದು ಸುಮಾರು 150 ಘನ ಕಿಲೋಮೀಟರ್. ಮುಂದಿನ ವರ್ಷ, ಅಂದರೆ 1816ರಲ್ಲಿ, ಪಶ್ಚಿಮ ಯುರೋಪಿಗೂ ಉತ್ತರ ಅಮೆರಿಕದ ಈಶಾನ್ಯ ಭಾಗಕ್ಕೂ ಬೇಸಿಗೆ ಬರಲೇ ಇಲ್ಲ. ಜೂನ್ ತಿಂಗಳಲ್ಲಿ ಹಿಮ ಬಿತ್ತು, ಬೆಳೆ ಕೈಗೆ ಸಿಗಲಿಲ್ಲ, ಜನ ಹಸಿವಿನಿಂದ ಸತ್ತರು.

ಕಣ್ಣಾರೆ ಕಂಡವರು ಬರೆದಿಟ್ಟ ಸ್ಫೋಟಗಳಲ್ಲಿ ಇದೇ ಅತಿ ದೊಡ್ಡದು. ಆದರೆ ಭೂಮಿಯ 450 ಕೋಟಿ ವರ್ಷಗಳ ಬಾಳಿನಲ್ಲಿ ತಂಬೋರಾ ಅಂಥ ದೊಡ್ಡ ಘಟನೆಯೇನಲ್ಲ. ಹಾಗಾದರೆ ಅತಿ ದೊಡ್ಡದು ಯಾವುದು? ಯಾರನ್ನು ಕೇಳಿದರೂ ಒಂದು ಹೆಸರು ಹೇಳುತ್ತಾರೆ: ಟೋಬಾ, ಯೆಲ್ಲೋಸ್ಟೋನ್, ಸೈಬೀರಿಯಾ. ಎಲ್ಲವೂ ಒಂದೊಂದು ಲೆಕ್ಕದಲ್ಲಿ ದೊಡ್ಡವೇ. ಏನನ್ನು ಅಳೆಯುತ್ತಿದ್ದೇವೆ ಎಂದು ಮೊದಲೇ ಗೊತ್ತುಮಾಡಿಕೊಳ್ಳದಿದ್ದರೆ ಈ ಹೆಸರುಗಳು ಸುಮ್ನೆ ಗೊಂದಲ ಹುಟ್ಟಿಸುತ್ತವೆ.

ಹೆಚ್ಚಾಗಿ ಬಳಕೆಯಲ್ಲಿರುವ ಅಳತೆಯನ್ನು 1982ರಲ್ಲಿ ಕ್ರಿಸ್ ನ್ಯೂಹಾಲ್ ಮತ್ತು ಸ್ಟೀಫನ್ ಸೆಲ್ಫ್ ಎಂಬ ವಿಜ್ಞಾನಿಗಳು ರೂಪಿಸಿದರು. ಇದರ ಹೆಸರು ಜ್ವಾಲಾಮುಖಿ ಸ್ಫೋಟ ಸೂಚ್ಯಂಕ. ಸೊನ್ನೆಯಿಂದ 8ರವರೆಗೆ ಅಂಕಗಳಿವೆ. ಎಷ್ಟು ಬೂದಿ, ಕಲ್ಲು ಹೊರಗೆ ಹಾರಿತು ಎನ್ನುವುದೇ ಮುಖ್ಯ ಆಧಾರ. ಮೇಲಿನ ಹಂತಗಳಲ್ಲಿ ಒಂದು ಅಂಕ ಹೆಚ್ಚಾದರೆ ಹೊರಬಿದ್ದ ವಸ್ತು 10 ಪಟ್ಟು ಜಾಸ್ತಿ. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದದ್ದು 5ನೇ ಹಂತ, ಸುಮಾರು ಒಂದು ಘನ ಕಿಲೋಮೀಟರ್. 1883ರಲ್ಲಿ ಸಿಡಿದ ಇಂಡೊನೇಷ್ಯಾದ ಕ್ರಕಟೋವಾ ಮತ್ತು 1991ರಲ್ಲಿ ಸಿಡಿದ ಫಿಲಿಪೀನ್ಸಿನ ಪಿನಟೂಬೊ 6ನೇ ಹಂತ, ತಂಬೋರಾ 7. ಸಾವಿರ ಘನ ಕಿಲೋಮೀಟರ್ ದಾಟಿದರೆ 8. ಈ 8ನೇ ಹಂತವನ್ನೇ ಪತ್ರಿಕೆಗಳು ‘ಸೂಪರ್ ಜ್ವಾಲಾಮುಖಿ’ ಎಂದು ಬರೆಯುವುದು.

ಇಂಥ ಸ್ಫೋಟ ನಡೆಯುವ ಬಗೆಯೇ ಬೇರೆ. ನೆಲದ ಕೆಳಗೆ ಕರಗಿದ ಕಲ್ಲಿಗೆ ಮ್ಯಾಗ್ಮಾ ಎನ್ನುತ್ತಾರೆ. ಅದರಲ್ಲಿ ಸಿಲಿಕಾ ಹೆಚ್ಚಿದ್ದರೆ ಅದು ಅಂಟಂಟಾಗುತ್ತದೆ, ಸಲೀಸಾಗಿ ಹರಿಯುವುದಿಲ್ಲ. ಅದರೊಳಗೆ ನೀರಿನ ಆವಿಯೂ ಬೇರೆ ಅನಿಲಗಳೂ ಬೆರೆತಿರುತ್ತವೆ. ಆಳದಲ್ಲಿ ಒತ್ತಡ ಇರುವವರೆಗೂ ಅವು ಕರಗಿಯೇ ಇರುತ್ತವೆ. ಮ್ಯಾಗ್ಮಾ ಮೇಲೆ ಬಂದಂತೆ ಒತ್ತಡ ಇಳಿಯುತ್ತದೆ, ಅನಿಲ ಗುಳ್ಳೆಗಳಾಗುತ್ತದೆ. ತೆಳ್ಳಗಿನ ಲಾವಾ ಆದರೆ ಗುಳ್ಳೆಗಳು ತಪ್ಪಿಸಿಕೊಂಡು ಹೋಗುತ್ತವೆ. ಅಂಟು ಮ್ಯಾಗ್ಮಾದಲ್ಲಿ ಅವುಗಳಿಗೆ ದಾರಿ ಇಲ್ಲ. ಕೊನೆಗೆ ಇಡೀ ಮ್ಯಾಗ್ಮಾವೇ ಸಿಡಿದು ಚೂರುಚೂರಾಗುತ್ತದೆ. ಜ್ವಾಲಾಮುಖಿಯ ಬೂದಿ ಎಂದರೆ ಈ ಚೂರುಗಳೇ. ಏನೋ ಸುಟ್ಟು ಉಳಿದ ಬೂದಿ ಅಲ್ಲ ಅದು, ಚೂಪಾದ ಗಾಜಿನ ಪುಡಿ.

8ನೇ ಹಂತದಲ್ಲಿ ಇದರ ಜೊತೆಗೆ ಇನ್ನೊಂದು ಸೇರುತ್ತದೆ. ಮ್ಯಾಗ್ಮಾ ತುಂಬಿದ ಕೋಣೆ ಹತ್ತಾರು ಕಿಲೋಮೀಟರ್ ಅಗಲ ಇರುತ್ತದೆ. ಒಂದಿಷ್ಟು ಖಾಲಿಯಾದ ಕೂಡಲೇ ಅದರ ಚಾವಣಿಗೆ ಆಧಾರ ತಪ್ಪುತ್ತದೆ. ಸುತ್ತಲೂ ಬಳೆಯಾಕಾರದಲ್ಲಿ ಬಿರುಕು ಬಿಟ್ಟು ನೆಲ ಒಟ್ಟಿಗೇ ಕೆಳಗೆ ಕುಸಿಯುತ್ತದೆ. ಕುಸಿದ ನೆಲದ ಭಾರಕ್ಕೆ ಉಳಿದ ಮ್ಯಾಗ್ಮಾ ಆ ಬಿರುಕುಗಳಿಂದಲೇ ನುಗ್ಗಿ ಬರುತ್ತದೆ. ನೂರಾರು ಡಿಗ್ರಿ ಬಿಸಿಯ ಬೂದಿ, ಅನಿಲದ ಮೋಡ ನೆಲಕ್ಕೆ ಅಂಟಿಕೊಂಡು ಗಂಟೆಗೆ ನೂರು ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಕೊನೆಯಲ್ಲಿ ಉಳಿಯುವುದು ಶಿಖರ ಅಲ್ಲ, ದೊಡ್ಡ ತಗ್ಗು. ಅದಕ್ಕೆ ಕ್ಯಾಲ್ಡೆರಾ ಎಂದು ಹೆಸರು. ಎಷ್ಟೋ ಕ್ಯಾಲ್ಡೆರಾಗಳು ಇಂದು ಸರೋವರಗಳಾಗಿವೆ. ಹಾಗಾಗಿಯೇ ಭೂಮಿಯ ಅತಿ ಭಯಂಕರ ಜ್ವಾಲಾಮುಖಿಗಳನ್ನು ನೋಡಿದರೆ ಜ್ವಾಲಾಮುಖಿ ಅನಿಸುವುದೇ ಇಲ್ಲ.

ಸುಮಾತ್ರಾದ ಟೋಬಾ ಸರೋವರ ಹೀಗೆ ಹುಟ್ಟಿದ್ದು. ಸುಮಾರು 74 ಸಾವಿರ ವರ್ಷಗಳ ಹಿಂದೆ ಅಲ್ಲಿ ಸ್ಫೋಟ ನಡೆಯಿತು. ಉಳಿದ ಕ್ಯಾಲ್ಡೆರಾ 100 ಕಿಲೋಮೀಟರ್ ಉದ್ದ, 30 ಕಿಲೋಮೀಟರ್ ಅಗಲ. ಸಡಿಲ ಬೂದಿಯನ್ನು ಗಟ್ಟಿ ಬಂಡೆಯ ಲೆಕ್ಕಕ್ಕೆ ಇಳಿಸಿದರೂ ಹೊರಬಿದ್ದದ್ದು ಸುಮಾರು 2,800 ಘನ ಕಿಲೋಮೀಟರ್ ಎಂದು ಅಂದಾಜು. ಸರೋವರದ ನಡುವೆ ಇರುವ ಸಮೊಸಿರ್ ದ್ವೀಪ ಒಂದು ಕಾಲಕ್ಕೆ ಕ್ಯಾಲ್ಡೆರಾದ ತಳವಾಗಿತ್ತು. ಕೆಳಗೆ ಮತ್ತೆ ಸೇರಿದ ಮ್ಯಾಗ್ಮಾ ಅದನ್ನು ನೂರಾರು ಮೀಟರ್ ಮೇಲೆತ್ತಿದೆ.

ಟೋಬಾಕ್ಕಿಂತ ದೊಡ್ಡವೂ ಇವೆ. ಅಮೆರಿಕದ ಕೊಲರಾಡೊದಲ್ಲಿ ಲಾ ಗರೀಟಾ ಎಂಬ ಕ್ಯಾಲ್ಡೆರಾ ಇದೆ. ಸುಮಾರು 2.8 ಕೋಟಿ ವರ್ಷಗಳ ಹಿಂದೆ ಒಂದೇ ಬಾರಿಗೆ ಅದು ಉಗುಳಿದ್ದು ಸುಮಾರು 5,000 ಘನ ಕಿಲೋಮೀಟರ್. ಯೂಟಾ ಮತ್ತು ನೆವಾಡಾ ಗಡಿಯಲ್ಲಿ 3 ಕೋಟಿ ವರ್ಷಗಳ ಹಿಂದೆ ನಡೆದ ಇನ್ನೊಂದು ಸ್ಫೋಟವೂ ಇದಕ್ಕೆ ಸರಿಸಮ. ಎಲ್ಲರ ಬಾಯಲ್ಲಿರುವ ಯೆಲ್ಲೋಸ್ಟೋನ್‌ನ ಅತಿ ದೊಡ್ಡ ಸ್ಫೋಟ 21 ಲಕ್ಷ ವರ್ಷಗಳ ಹಿಂದಿನದು, ಸುಮಾರು 2,450 ಘನ ಕಿಲೋಮೀಟರ್. 8ನೇ ಹಂತದ ತೀರಾ ಇತ್ತೀಚಿನ ಸ್ಫೋಟ ನ್ಯೂಜಿಲೆಂಡಿನ ಟೌಪೊದ್ದು. ಅದಾಗಿ ಸುಮಾರು 25,500 ವರ್ಷವಾಯಿತು.

ಈಗ ನನಗೆ ತುಂಬ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಟೋಬಾ ಸಿಡಿದಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರಿದ್ದರು. ಸ್ಫೋಟದಿಂದ ವರ್ಷಗಟ್ಟಲೆ ಚಳಿ ಕವಿಯಿತು, ಮನುಷ್ಯಕುಲವೇ ಕೆಲವು ಸಾವಿರ ಜನರಿಗೆ ಇಳಿದು ಅಳಿವಿನ ಅಂಚಿಗೆ ಬಂತು ಎಂಬ ವಾದ 1990ರ ದಶಕದಲ್ಲಿ ಬಲವಾಗಿ ಕೇಳಿಬಂತು. ಓದಲು ಮೈ ಜುಮ್ಮೆನ್ನುವ ಕಥೆ, ಅದಕ್ಕೇ ಇಂದಿಗೂ ಓಡಾಡುತ್ತಿದೆ. ಆದರೆ ಸಾಕ್ಷ್ಯಗಳು ಅದರ ಜೊತೆ ನಿಲ್ಲಲಿಲ್ಲ. ಆಂಧ್ರಪ್ರದೇಶದ ಕರ್ನೂಲು ಭಾಗದ ಜ್ವಾಲಾಪುರಂನಲ್ಲಿ ಟೋಬಾದ ಬೂದಿಯ ದಪ್ಪ ಪದರ ಸಿಕ್ಕಿತು. ಬೂದಿಯ ಕೆಳಗೂ ಮೇಲೂ ಕಲ್ಲಿನ ಹತಾರಗಳಿವೆ, ಎರಡೂ ಒಂದೇ ಬಗೆಯವು. ಅಂದರೆ ಅಲ್ಲಿದ್ದ ಜನರ ಬದುಕಿನ ಎಳೆ ಕಡಿದುಹೋಗಿಲ್ಲ. ದಕ್ಷಿಣ ಆಫ್ರಿಕಾದ ಕಡಲತೀರದ ಪಿನಕಲ್ ಪಾಯಿಂಟ್ ಎಂಬಲ್ಲಿ ಟೋಬಾದ ಗಾಜಿನ ಕಣಗಳು ಸಿಕ್ಕಿವೆ, ಸುಮಾರು 9,000 ಕಿಲೋಮೀಟರ್ ದೂರದಲ್ಲಿ! ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು, ಆದರೆ ಅವುಗಳ ರಸಾಯನ ಟೋಬಾದ ಬೂದಿಯದೇ. ಅಲ್ಲಿಯೂ ಜನ ಸ್ಫೋಟದ ನಂತರ ಚೆನ್ನಾಗಿಯೇ ಬಾಳಿದ್ದಾರೆ. ಆಫ್ರಿಕಾದ ಮಲಾವಿ ಸರೋವರದ ತಳದ ಕೆಸರಿನಲ್ಲೂ ದೊಡ್ಡ ಚಳಿಯ ಗುರುತು ಕಾಣಲಿಲ್ಲ.

ಇಷ್ಟು ದೊಡ್ಡ ಸ್ಫೋಟ ಜಗತ್ತನ್ನು ಯಾಕೆ ಮುಗಿಸಲಿಲ್ಲ? ಇದಕ್ಕೆ ಉತ್ತರದ ಒಂದು ತುಂಡು 1982ರ ಒಂದು ಸ್ಫೋಟದಲ್ಲಿದೆ. ಮೆಕ್ಸಿಕೊದ ಎಲ್ ಚಿಚೋನ್ ಹೊರಹಾಕಿದ ವಸ್ತು ಎರಡು ವರ್ಷ ಹಿಂದಿನ ಸೇಂಟ್ ಹೆಲೆನ್ಸ್‌ನ ಆಸುಪಾಸಿನಲ್ಲೇ ಇತ್ತು. ಸೂಚ್ಯಂಕದಲ್ಲಿ ಎರಡಕ್ಕೂ 5. ಆದರೆ ಸೇಂಟ್ ಹೆಲೆನ್ಸ್ ಹೊರಬಿಟ್ಟ ಸಲ್ಫರ್ ಡೈಆಕ್ಸೈಡ್ ಸುಮಾರು 10 ಲಕ್ಷ ಟನ್ ಆದರೆ, ಎಲ್ ಚಿಚೋನ್‌ನದು ಸುಮಾರು 70 ಲಕ್ಷ ಟನ್. ಮೊದಲನೆಯದು ಜಗತ್ತಿನ ಹವೆಯ ಮೇಲೆ ಏನೂ ಗುರುತು ಬಿಡಲಿಲ್ಲ, ಎರಡನೆಯದು ಬಿಟ್ಟಿತು. ಬೂದಿ ಎಷ್ಟೇ ಬಿದ್ದರೂ ಕೆಲವು ದಿನ, ವಾರಗಳಲ್ಲಿ ನೆಲಕ್ಕೆ ಇಳಿದುಬಿಡುತ್ತದೆ. ಸಲ್ಫರ್ ಡೈಆಕ್ಸೈಡ್ ಹಾಗಲ್ಲ. ಮಳೆ ಮೋಡಗಳಿಗಿಂತ ಮೇಲಿನ ಪದರಕ್ಕೆ ಏರಿದರೆ ಅದು ಗಂಧಕಾಮ್ಲದ ಸಣ್ಣ ಹನಿಗಳಾಗಿ ಒಂದೆರಡು ವರ್ಷ ಅಲ್ಲೇ ಉಳಿಯುತ್ತದೆ, ಬಿಸಿಲನ್ನು ವಾಪಸ್ ಕಳಿಸುತ್ತದೆ. 1991ರಲ್ಲಿ ಪಿನಟೂಬೊ ಸುಮಾರು ಒಂದೂವರೆಯಿಂದ ಎರಡು ಕೋಟಿ ಟನ್ ಕಳಿಸಿತು. ಮುಂದಿನ ವರ್ಷ ಇಡೀ ಭೂಮಿ ಸುಮಾರು ಅರ್ಧ ಡಿಗ್ರಿ ತಣ್ಣಗಾಯಿತು. ಇನ್ನೊಂದು ಕಡೆ 2022ರ ಜನವರಿಯಲ್ಲಿ ಟೊಂಗಾ ಬಳಿ ಕಡಲಿನಿಂದ ಸಿಡಿದ ಹುಂಗಾ ಜ್ವಾಲಾಮುಖಿಯನ್ನು ನೋಡಿ. ಅದರ ಮೋಡ 57 ಕಿಲೋಮೀಟರ್ ಎತ್ತರ ಮುಟ್ಟಿತು, ಗಾಳಿಯ ಒತ್ತಡದ ಅಲೆ ಭೂಮಿಯನ್ನು ಹಲವು ಸಲ ಸುತ್ತಿತು. ಅಷ್ಟಾದರೂ ಸಲ್ಫರ್ ಡೈಆಕ್ಸೈಡ್ ಐದು ಲಕ್ಷ ಟನ್‌ನ ಆಸುಪಾಸು. ಭೂಮಿ ತಣ್ಣಗಾದದ್ದು ಗೊತ್ತೇ ಆಗಲಿಲ್ಲ.

ಒಟ್ಟಿನಲ್ಲಿ ಜ್ವಾಲಾಮುಖಿಯ ಸದ್ದು, ಎತ್ತರ, ಬೂದಿಯ ರಾಶಿ ಒಂದು ಲೆಕ್ಕ. ಅದು ಗಾಳಿಗೆ ಬಿಡುವ ಅನಿಲ ಇನ್ನೊಂದು ಲೆಕ್ಕ. ಜೀವಿಗಳಿಗೆ ಮುಖ್ಯವಾದದ್ದು ಎರಡನೆಯದು. ಅದರಲ್ಲಿ ಮೇಲುಗೈ ಸಿಡಿಯುವ ಬೆಟ್ಟಗಳದ್ದಲ್ಲ, ನೆಲ ಸೀಳಿಕೊಂಡು ಲಾವಾ ಹರಿಸುವವುಗಳದ್ದು.

ಇಂಥ ಹರಿವನ್ನು ಮನುಷ್ಯರು ಕಂಡದ್ದು ಐಸ್‌ಲ್ಯಾಂಡಿನಲ್ಲಿ. 1783ರ ಜೂನ್ 8ರಂದು ಲಾಕಿ ಎಂಬಲ್ಲಿ ನೆಲ ಬಿರಿಯಿತು. ಬಿರುಕು ಬೆಳೆಯುತ್ತ ಹೋಗಿ 27 ಕಿಲೋಮೀಟರ್ ಉದ್ದವಾಯಿತು, ಅದರ ಉದ್ದಕ್ಕೂ ನೂರಕ್ಕೂ ಹೆಚ್ಚು ಬಾಯಿಗಳು. ಎಂಟು ತಿಂಗಳು ಲಾವಾ ಹರಿಯಿತು, ಒಟ್ಟು 14.7 ಘನ ಕಿಲೋಮೀಟರ್. ಟೋಬಾದ ಮುಂದೆ ಇದು ಏನೇನೂ ಅಲ್ಲ. ಆದರೆ ಗಾಳಿಗೆ ಸೇರಿದ ಸಲ್ಫರ್ ಡೈಆಕ್ಸೈಡ್ ಸುಮಾರು 12 ಕೋಟಿ ಟನ್, ಪಿನಟೂಬೊದ ಆರು ಪಟ್ಟಿಗೂ ಹೆಚ್ಚು. ಲಾವಾದ ಜೊತೆ ಬಂದ ಫ್ಲೋರಿನ್ ಹುಲ್ಲಿನ ಮೇಲೆ ಕೂತಿತು. ಅದನ್ನು ಮೇಯ್ದ ಕುರಿ, ದನಗಳ ಹಲ್ಲು, ಮೂಳೆ ವಿಕಾರವಾದವು. ದೇಶದ ಅರ್ಧಕ್ಕಿಂತ ಹೆಚ್ಚು ಜಾನುವಾರು ಸತ್ತವು. ಆಮೇಲೆ ಬಂದ ಹಸಿವಿಗೆ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗ ಬಲಿಯಾಯಿತು. ಆ ಬೇಸಿಗೆಯಲ್ಲಿ ಯುರೋಪಿನ ಮೇಲೆಲ್ಲ ಉಸಿರು ಕಟ್ಟಿಸುವ ಒಣ ಮಂಜು ಹಬ್ಬಿತ್ತು. ಸ್ಫೋಟ ಸೂಚ್ಯಂಕದಲ್ಲಿ ಲಾಕಿಯ ಅಂಕ ಬರೀ 4. ಒಂದೇ ಅಳತೆಯನ್ನು ನಂಬಿ ಕೂತರೆ ಎಷ್ಟು ದೊಡ್ಡದು ತಪ್ಪಿಹೋಗುತ್ತದೆ ನೋಡಿ.

ಲಾಕಿಯಂಥ ಹರಿವು ಎಂಟು ತಿಂಗಳ ಬದಲು ಬಿಟ್ಟು ಬಿಟ್ಟು ಲಕ್ಷಾಂತರ ವರ್ಷ ನಡೆದರೆ? ಒಂದೊಂದು ಸಲವೂ ನೂರಾರು, ಸಾವಿರಾರು ಘನ ಕಿಲೋಮೀಟರ್ ಲಾವಾ ಬಂದರೆ? ಭೂಮಿಯ ಮೇಲೆ ಇದು ಹಲವು ಸಲ ನಡೆದಿದೆ. ಭೂಮಿಯ ಆಳದಿಂದ ಅಸಾಧಾರಣ ಬಿಸಿಯ ಕಲ್ಲಿನ ಕಂಬ ಮೇಲೆದ್ದು ಬಂದಾಗ ಹೀಗಾಗುತ್ತದೆ ಎಂದು ಹೆಚ್ಚಿನ ಭೂವಿಜ್ಞಾನಿಗಳು ಒಪ್ಪುತ್ತಾರೆ. ಇದಕ್ಕೆ ಬಸಾಲ್ಟ್ ಪ್ರವಾಹ ಎನ್ನುತ್ತಾರೆ; ಇಂಥ ಲಾವಾ ಆರಿ ಆದ ಕಪ್ಪು ಕಲ್ಲೇ ಬಸಾಲ್ಟ್. ಗಾತ್ರವೇ ಮುಖ್ಯ ಎನ್ನುವುದಾದರೆ ಭೂಮಿಯ ಅತಿ ದೊಡ್ಡ ಜ್ವಾಲಾಮುಖಿಗಳು ಇವೇ. ಇಲ್ಲಿ ಲೆಕ್ಕ ಸಾವಿರ ಘನ ಕಿಲೋಮೀಟರ್‌ಗಳಲ್ಲಿ ಅಲ್ಲ, ಲಕ್ಷಗಳಲ್ಲಿ.

ಸೈಬೀರಿಯಾದ್ದು ಇವುಗಳಲ್ಲಿ ಎಲ್ಲಕ್ಕಿಂತ ಕ್ರೂರವಾದದ್ದು. 25.2 ಕೋಟಿ ವರ್ಷಗಳ ಹಿಂದೆ ಅಲ್ಲಿ ಹಲವು ದಶಲಕ್ಷ ಘನ ಕಿಲೋಮೀಟರ್ ಮ್ಯಾಗ್ಮಾ ಮೇಲೆ ಬಂತು. ಅದೇ ಹೊತ್ತಿಗೆ ಭೂಮಿ ಕಂಡ ಅತಿ ದೊಡ್ಡ ಜೀವವಿನಾಶ ನಡೆಯಿತು. ಕಡಲಿನ ಜಾತಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಅಳಿದುಹೋದವು. ಅದಾಗಲೇ 25 ಕೋಟಿಗೂ ಹೆಚ್ಚು ವರ್ಷ ಬಾಳಿದ್ದ ಟ್ರೈಲೊಬೈಟ್ ಎಂಬ ಗಟ್ಟಿ ಕವಚದ ಕಡಲ ಜೀವಿಗಳ ಕೊನೆಯ ಕುಡಿಯೂ ಆಗಲೇ ಮುಗಿಯಿತು. ಉಷ್ಣವಲಯದ ಕಡಲಿನ ನೀರು ಸುಮಾರು 10 ಡಿಗ್ರಿ ಬಿಸಿಯಾಯಿತು ಎಂದು ಆ ಕಾಲದ ಜೀವಿಗಳ ಅವಶೇಷಗಳ ರಸಾಯನ ಹೇಳುತ್ತದೆ.

ಈ ಕೊಲೆಯ ವಿಧಾನವನ್ನು ಬಿಡಿಸಿದ ಬಗೆ ನಿಜಕ್ಕೂ ಅದ್ಭುತ. ಜಿರ್ಕಾನ್ ಎಂಬ ಪುಟ್ಟ ಹರಳುಗಳಲ್ಲಿ ಯುರೇನಿಯಂ ಸೀಸವಾಗಿ ಬದಲಾದ ಪ್ರಮಾಣವನ್ನು ಅಳೆದು ಬಂಡೆಯ ವಯಸ್ಸು ಹೇಳಬಹುದು. ಸೆತ್ ಬರ್ಜೆಸ್ ಮತ್ತು ಸ್ಯಾಮ್ಯುಯೆಲ್ ಬೌರಿಂಗ್ ಎಂಬ ಭೂವಿಜ್ಞಾನಿಗಳು ಸೈಬೀರಿಯಾದ ಬಂಡೆಗಳನ್ನು ಹೀಗೆ ಒಂದೊಂದಾಗಿ ಅಳೆದರು. ಬಂದ ಉತ್ತರ ವಿಚಿತ್ರವಾಗಿತ್ತು. ಲಾವಾದ ಸುಮಾರು ಮೂರನೇ ಎರಡು ಭಾಗ ಜೀವವಿನಾಶಕ್ಕೆ ಮೊದಲೇ ಹರಿದು ಮುಗಿದಿತ್ತು! ಅಷ್ಟು ಲಾವಾ ಹರಿದಾಗ ಸಾಯದ ಜೀವಿಗಳು ಆಮೇಲೆ ಯಾಕೆ ಸತ್ತವು? ಬದಲಾದದ್ದು ಮ್ಯಾಗ್ಮಾದ ದಾರಿ. ಮೇಲೆ ಲಾವಾ ಗಟ್ಟಿಯಾಗಿ ದಪ್ಪ ಮುಚ್ಚಳದಂತೆ ಕೂತ ಮೇಲೆ, ಹೊಸ ಮ್ಯಾಗ್ಮಾ ನೆಲದ ಕೆಳಗೇ ಅಡ್ಡಡ್ಡ ಹರಡತೊಡಗಿತು. ಅದು ಹೊಕ್ಕದ್ದು ತುಂಗುಸ್ಕಾ ಪ್ರದೇಶದ ಕಲ್ಲಿದ್ದಲು, ಎಣ್ಣೆ, ಉಪ್ಪು ಮತ್ತು ಸುಣ್ಣಕಲ್ಲಿನ ಪದರಗಳಿಗೆ. ಅವೆಲ್ಲ ಬೆಂದು ಕಾರ್ಬನ್ ಡೈಆಕ್ಸೈಡ್, ಮೀಥೇನ್, ಕ್ಲೋರಿನ್ ಇರುವ ಅನಿಲಗಳು ಎದ್ದವು. ಆ ಅನಿಲ ನೆಲ ಸಿಡಿಸಿಕೊಂಡು ಹೊರಬಂದ ಕೊಳವೆಯಾಕಾರದ ಗುರುತುಗಳು ಸೈಬೀರಿಯಾದಲ್ಲಿ ಇಂದಿಗೂ ಇವೆ. ಅಂದರೆ ಸಾವು ತಂದದ್ದರಲ್ಲಿ ಮ್ಯಾಗ್ಮಾದ ಸ್ವಂತ ಅನಿಲದ ಜೊತೆ, ಅದು ದಾರಿಯಲ್ಲಿ ಸುಟ್ಟ ಬಂಡೆಗಳ ಪಾಲೂ ದೊಡ್ಡದು. ವಿನಾಶದ ಮುಖ್ಯ ಘಟ್ಟ ಸುಮಾರು 60 ಸಾವಿರ ವರ್ಷಗಳ ಒಳಗೆ ಮುಗಿಯಿತು. ಭೂಮಿಯ ಲೆಕ್ಕದಲ್ಲಿ ಅದು ಒಂದು ಚಿಟಿಕೆ ಹೊತ್ತು.

20.1 ಕೋಟಿ ವರ್ಷಗಳ ಹಿಂದೆ ಅಟ್ಲಾಂಟಿಕ್ ಸಾಗರ ತೆರೆದುಕೊಳ್ಳುವ ಮುನ್ನ ನಡೆದ ಲಾವಾ ಪ್ರವಾಹದ ಜೊತೆಗೂ ಒಂದು ಮಹಾ ವಿನಾಶ ಕೂಡಿಕೊಂಡಿದೆ. ಆದರೆ ಗಾತ್ರದಲ್ಲಿ ಎಲ್ಲವನ್ನೂ ಮೀರಿಸುವುದು ಪೆಸಿಫಿಕ್ ತಳದಲ್ಲಿ, ಸಾಲೊಮನ್ ದ್ವೀಪಗಳ ಉತ್ತರಕ್ಕಿರುವ ಒಂಟೊಂಗ್ ಜಾವಾ ಪ್ರಸ್ಥಭೂಮಿ. ಸುಮಾರು 12 ಕೋಟಿ ವರ್ಷಗಳ ಹಿಂದೆ ಹೆಚ್ಚಾಗಿ ನೀರಿನಡಿಯಲ್ಲೇ ಹರಿದ ಲಾವಾ ಅದು. ಆಗ ಮಹಾ ವಿನಾಶವೇನೂ ನಡೆಯಲಿಲ್ಲ. ಗಾತ್ರಕ್ಕೂ ಸಾವಿಗೂ ನೇರ ಸಂಬಂಧ ಇಲ್ಲ ಎನ್ನಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಭಾರತದ ದಖ್ಖನ್ ಟ್ರ್ಯಾಪ್ಸ್ ಈ ಕಥೆಯ ಇನ್ನೂ ಮುಗಿಯದ ಅಧ್ಯಾಯ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಈ ಲಾವಾ ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲವನ್ನು ಮುಚ್ಚಿಕೊಂಡಿದೆ. ಪಶ್ಚಿಮ ಘಟ್ಟದ ಮಹಾಬಲೇಶ್ವರದ ಸುತ್ತ ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಪದರದ ಮೇಲೆ ಪದರ ಹರಿದ ಲಾವಾದಿಂದ. ಅಜಂತಾ, ಎಲ್ಲೋರಾ ಗುಹೆಗಳನ್ನು ಕೊರೆದದ್ದು ಇದೇ ಬಸಾಲ್ಟಿನಲ್ಲಿ. ಕೆಲವು ಹರಿವುಗಳು ಪಶ್ಚಿಮದಿಂದ ಹೊರಟು ಪೂರ್ವ ಕರಾವಳಿಯ ರಾಜಮಹೇಂದ್ರಿಯವರೆಗೆ, ಅಂದರೆ ಸುಮಾರು ಸಾವಿರ ಕಿಲೋಮೀಟರ್ ಸಾಗಿವೆ.

ಡೈನೊಸಾರ್‌ಗಳು ಅಳಿದದ್ದೂ ಅದೇ ಕಾಲ. ಮೆಕ್ಸಿಕೊದ ಚಿಕ್ಸುಲೂಬ್‌ನಲ್ಲಿ ಕ್ಷುದ್ರಗ್ರಹ ಅಪ್ಪಳಿಸಿದ್ದೂ ಆಗಲೇ. ಹೊಣೆ ಯಾರದು? 2019ರಲ್ಲಿ ಎರಡು ತಂಡಗಳು ದಖ್ಖನ್ ಲಾವಾದ ವಯಸ್ಸನ್ನು ಬೇರೆ ಬೇರೆ ವಿಧಾನದಲ್ಲಿ ಅಳೆದು ಒಟ್ಟಿಗೇ ಪ್ರಕಟಿಸಿದವು. ಒಂದು ತಂಡಕ್ಕೆ ಕ್ಷುದ್ರಗ್ರಹ ಬೀಳುವ ಹತ್ತಾರು ಸಾವಿರ ವರ್ಷ ಮೊದಲು ದೊಡ್ಡ ಹರಿವು ನಡೆದದ್ದು ಕಂಡಿತು. ಇನ್ನೊಂದು ತಂಡದ ಪ್ರಕಾರ ಲಾವಾದ ಮುಕ್ಕಾಲು ಪಾಲು ಬಂದದ್ದೇ ಅಪ್ಪಳಿಸಿದ ನಂತರ. ನನ್ನ ಮಟ್ಟಿಗೆ ಕ್ಷುದ್ರಗ್ರಹದ ಪಕ್ಷವೇ ಗಟ್ಟಿ. ಕಡಲಿನ ಸೂಕ್ಷ್ಮಜೀವಿಗಳು ಕಾಣೆಯಾಗುವ ಗೆರೆ ಮತ್ತು ಕ್ಷುದ್ರಗ್ರಹದಿಂದ ಬಂದ ಇರಿಡಿಯಂ ಎಂಬ ಅಪರೂಪದ ಲೋಹದ ಪದರ ಹಲವು ಕಡೆ ಒಂದೇ ಜಾಗದಲ್ಲಿ ಕೂತಿವೆ. ಜೊತೆಗೆ ದಖ್ಖನ್ ಮ್ಯಾಗ್ಮಾ ಬಹುಪಾಲು ಹಳೆಯ ಗಟ್ಟಿ ಶಿಲೆಗಳನ್ನು ಸೀಳಿ ಬಂತು, ಸೈಬೀರಿಯಾದಷ್ಟು ಕಲ್ಲಿದ್ದಲು, ಉಪ್ಪು ಅದಕ್ಕೆ ದಾರಿಯಲ್ಲಿ ಸಿಗಲಿಲ್ಲ.

ಇಂಥದ್ದು ಮತ್ತೆ ನಡೆಯುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಬಸಾಲ್ಟ್ ಪ್ರವಾಹಗಳಲ್ಲಿ ಕೊನೆಯದು ಅಮೆರಿಕದ ಕೊಲಂಬಿಯಾ ನದಿಯ ಪ್ರದೇಶದ್ದು, ಸುಮಾರು 1.6 ಕೋಟಿ ವರ್ಷಗಳ ಹಿಂದಿನದು. ಇನ್ನೊಂದು ಶುರುವಾಗುವ ಸೂಚನೆ ಎಲ್ಲೂ ಇಲ್ಲ. 8ನೇ ಹಂತದ ಸ್ಫೋಟಗಳ ನಡುವಿನ ಅಂತರ ಹತ್ತಾರು ಸಾವಿರ ವರ್ಷ. ಯೆಲ್ಲೋಸ್ಟೋನ್ ಕೆಳಗಿನ ಮ್ಯಾಗ್ಮಾದ ಬಹುಪಾಲು ಸದ್ಯಕ್ಕೆ ಗಟ್ಟಿಯಾಗಿಯೇ ಇದೆ. ಅದರ ಬಗ್ಗೆ ಪ್ರತಿ ವರ್ಷ ಏಳುವ ಗುಲ್ಲಿಗೆ ಆಧಾರ ಇಲ್ಲ.

ಚಿಂತೆ ಮಾಡಬೇಕಾದದ್ದು 7ನೇ ಹಂತದವುಗಳ ಬಗ್ಗೆ. ಸಾವಿರ ವರ್ಷಕ್ಕೆ ಒಂದೆರಡು ಬರುತ್ತವೆ. ತಂಬೋರಾಕ್ಕೆ ಮುಂಚಿನದು 1257ರಲ್ಲಿ ಪಕ್ಕದ ಲೊಂಬೊಕ್ ದ್ವೀಪದಲ್ಲಿ ನಡೆದಿತ್ತು. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮದ ಪದರಗಳಲ್ಲಿ ಅದರ ಗಂಧಕದ ಗುರುತು ಎದ್ದು ಕಾಣುತ್ತಿತ್ತು, ಆದರೆ ಯಾವ ಬೆಟ್ಟ ಎಂದು ದಶಕಗಟ್ಟಲೆ ಗೊತ್ತಿರಲಿಲ್ಲ. 2013ರಲ್ಲಿ ಫ್ರಾಂಕ್ ಲವೀನ್ ಅವರ ತಂಡ ಅದು ಸಮಾಲಾಸ್ ಎಂದು ತೋರಿಸಿತು. ಬೂದಿಯ ರಸಾಯನ, ಸುಟ್ಟ ಮರಗಳ ವಯಸ್ಸು ಒಂದು ಕಡೆ. ಇನ್ನೊಂದು ಕಡೆ ಪಾಮಾತಾನ್ ಎಂಬ ಊರು ಬೂದಿಯಲ್ಲಿ ಮುಳುಗಿದ್ದನ್ನು ಹೇಳುವ ಹಳೆಯ ತಾಳೆಗರಿಗಳು. ಆ ಊರು ಇನ್ನೂ ಸಿಕ್ಕಿಲ್ಲ.

ಮುನ್ಸೂಚನೆ ಸಿಗುತ್ತದೆಯೇ? ಪಿನಟೂಬೊ ಸುಮಾರು 500 ವರ್ಷ ಮಲಗಿತ್ತು. 1991ರ ಮಾರ್ಚ್‌ನಲ್ಲಿ ಸಣ್ಣ ಭೂಕಂಪಗಳು ಶುರುವಾದವು, ಏಪ್ರಿಲ್‌ನಲ್ಲಿ ಹಬೆ ಎದ್ದಿತು, ಮೇ ತಿಂಗಳಲ್ಲಿ ಸಲ್ಫರ್ ಡೈಆಕ್ಸೈಡ್ ಏರಿತು. ಫಿಲಿಪೀನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಇವನ್ನು ಓದಿ ಎಚ್ಚರಿಸಿದರು. ಜೂನ್ 15ರ ಮಹಾಸ್ಫೋಟಕ್ಕೆ ಮೊದಲೇ ಹತ್ತಾರು ಸಾವಿರ ಜನರನ್ನು ದೂರ ಕಳಿಸಲಾಗಿತ್ತು. ಅದು 6ನೇ ಹಂತ, ಸಿಕ್ಕಿದ್ದು ಮೂರು ತಿಂಗಳು. ದೊಡ್ಡದಕ್ಕೆ ಎಷ್ಟು ಸಮಯ ಸಿಗಬಹುದು ಎನ್ನುವುದಕ್ಕೆ ಗ್ರೀಸಿನ ಸ್ಯಾಂಟೊರಿನಿ ಒಂದು ಸುಳಿವು ಕೊಟ್ಟಿದೆ. ಸುಮಾರು 3,600 ವರ್ಷಗಳ ಹಿಂದೆ ಅಲ್ಲಿ ದೊಡ್ಡ ಸ್ಫೋಟ ನಡೆದಿತ್ತು. ಅದರ ಹಗುರ ಕಲ್ಲಿನೊಳಗಿನ ಹರಳುಗಳು ಪದರ ಪದರವಾಗಿ ಬೆಳೆದಿವೆ. ಕೊನೆಯ ಪದರಗಳನ್ನು ಓದಿದಾಗ ತಿಳಿದದ್ದು ಇದು: ಹಿಂದಿನ ದೊಡ್ಡ ಸ್ಫೋಟದ ನಂತರ ಸುಮಾರು 18 ಸಾವಿರ ವರ್ಷ ಕಳೆದಿದ್ದರೂ, ಹೊಸ ಮ್ಯಾಗ್ಮಾದ ದೊಡ್ಡ ಪಾಲು ಸಿಡಿಯುವ ಮುಂಚಿನ ನೂರು ವರ್ಷದೊಳಗೆ ಬಂದು ಸೇರಿದೆ. ಅಷ್ಟು ಮ್ಯಾಗ್ಮಾ ನುಗ್ಗಿದರೆ ಮೇಲಿನ ನೆಲ ಉಬ್ಬಲೇಬೇಕು. ಆ ಉಬ್ಬು ಸೆಂಟಿಮೀಟರ್ ಲೆಕ್ಕದಲ್ಲಿ ಇರುವಾಗಲೇ ಅಳೆಯಬಲ್ಲ ರಡಾರ್ ಉಪಗ್ರಹಗಳು ಈಗ ನಮ್ಮಲ್ಲಿವೆ.